ಎಳೆಯುವ ಹಗ್ಗ, ಹಿಡಿಯುವ ಗಂಟು

ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಸರಾದ ಗಂಟು ಒಂದು ಬಂಡಿಯ ಗಂಟು. ಅಲೆಗ್ಸಾಂಡರನ ಚರಿತ್ರೆಯನ್ನು ಶಾಲೆಯಲ್ಲಿ ಓದಿದವರೆಲ್ಲರಿಗೂ ಆ ಕಥೆ ತಿಳಿದದ್ದೇ. ಈಗಿನ ತುರ್ಕಿ ದೇಶದ ಒಳನಾಡಿನಲ್ಲಿ ಹಿಂದೆ ಫ್ರಿಜಿಯ ಎಂಬ ರಾಜ್ಯವಿದ್ದಿತು. ಅದರ ರಾಜಧಾನಿಯಾದ ಗೋರ್ಡಿಯಂ ನಗರದ ಕೋಟೆಯಲ್ಲಿ ಬಹು ಪುರಾತನವಾದ ಒಂದು ಬಂಡಿಯನ್ನು ದೇವರಿಗೆ ಒಪ್ಪಿಸಿ ಇಟ್ಟಿದ್ದರು. ಆ ಬಂಡಿಯ ಮೂಕಿಗೆ ನೊಗವನ್ನು ಮರದ ತೊಗಟೆಯ ನಾರಿನಿಂದ ಬಿಗಿದು ಕಟ್ಟಲಾಗಿತ್ತು. ಆ ಕಟ್ಟಿನ ಮೊದಲಾಗಲಿ ಕೊನೆಯಾಗಲಿ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಅದನ್ನು ಬಿಚ್ಚಿದವನು ಏಷ್ಯಾ ಖಂಡಕ್ಕೆ ಒಡೆಯನಾಗುವನೆಂದು ಪ್ರತೀತಿ. ಕ್ರಿ. ಪೂ. 333ರಲ್ಲಿ ಅಲ್ಲಿಗೆ ಬಂದ ಅಲೆಗ್ಸಾಂಡರನು ಕತ್ತಿಯನ್ನು ಹಿರಿದು ಗಂಟನ್ನು ಕಡಿದನೆಂಬುದು ಜನಜನಿತವಾದ ವೃತ್ತಾಂತ.

ಆದರೆ ಅವನ ದಂಡಯಾತ್ರೆಯಲ್ಲಿ ಜೊತೆಗಿದ್ದ ಅರಿಸ್ಟೊಬುಲಸ್ ಎಂಬಾತನು ಹೇಳಿದ್ದು ಬೇರೆಯೇ. ಮೂಕಿಯ ನಡುವೆ ಹಾಯಿಸಿದ್ದ ಒಂದು ಮರದ ಗೂಟವು ಕಟ್ಟನ್ನೆಲ್ಲ ಹಿಡಿದುಕೊಂಡಿತ್ತೆಂದೂ, ಅಲೆಗ್ಸಾಂಡರನು ಆ ಗೂಟವನ್ನು ಕಿತ್ತು ನೊಗವನ್ನು ಬೇರ್ಪಡಿಸಿದನೆಂದೂ ಅವನ ಮಾತು. ಬಹುಕಾಲದ ಮೇಲೆ, ಕ್ರಿ. ಶ. ಎರಡನೆಯ ಶತಮಾನದಲ್ಲಿ, ಅಲೆಗ್ಸಾಂಡರನ ಚರಿತ್ರೆಯನ್ನು ಬರೆದ ಅರಿಯನ್ ಎರಡು ಕಥೆಗಳನ್ನೂ ಹೇಳಿ, ಯಾವುದು ನಿಜವೆಂದು ತೀರ್ಮಾನಿಸದೆ ಬಿಟ್ಟಿದ್ದಾನೆ. ನನಗಂತೂ ಗೂಟದ ಕಥೆಯೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಬಂಡಿಯೆಂದ ಮೇಲೆ ಸಂಜೆಗೆ ನೊಗವನ್ನು ಇಳಿಸಲೇಬೇಕು, ಎತ್ತನ್ನು ಬಿಡಲೇಬೇಕು. ಕತ್ತಿಯಿಂದ ಕಡಿದಲ್ಲದೆ ಬಿಚ್ಚಲಾಗದ ಗಂಟನ್ನು ಯಾವ ಬಂಡಿಕಾರನೂ ಕಟ್ಟುವುದಿಲ್ಲ. ಅದು ರಾಜರಿಗೂ ಕವಿಗಳಿಗೂ ಒಗ್ಗುವ ಗಂಟು, ಬಂಡಿಗೆ ಒಗ್ಗುವುದಲ್ಲ.

ಎಳೆಯುವ ಕೆಲಸಕ್ಕೆ ಬೇಕಾದ ಗಂಟಿನ ಲಕ್ಷಣ ಇದರಿಂದಲೇ ತಿಳಿಯುತ್ತದೆ. ಭಾರ ಬಿದ್ದಾಗ ಅದು ಜಾರಬಾರದು. ಭಾರ ಇಳಿದ ಮೇಲೆ ಕೈಯಿಂದಲೇ ಬಿಚ್ಚಬರಬೇಕು. ಹಗ್ಗದ ಬಲವನ್ನು ಆದಷ್ಟು ಕಡಮೆ ಕೆಡಿಸಬೇಕು. ಹೇಳುವುದಕ್ಕೆ ಸುಲಭವಾದ ಈ ಮಾತನ್ನು ಮನುಷ್ಯನು ಕಲಿತುಕೊಂಡದ್ದು ಸಾವಿರಾರು ವರ್ಷಗಳ ಅನುಭವದಿಂದ. ಎಷ್ಟೋ ಸಲ ಕೈಕಾಲುಗಳನ್ನೂ ಪ್ರಾಣವನ್ನೂ ಬೆಲೆಯಾಗಿ ಕೊಟ್ಟು. ಇಂದೂ ನಮ್ಮ ಘಟ್ಟದ ರಸ್ತೆಗಳಲ್ಲಿ ಕೆಟ್ಟು ನಿಂತ ಮೋಟಾರೊಂದನ್ನು ಮತ್ತೊಂದು ವಾಹನದ ಬೆನ್ನಿಗೆ ಬಿಗಿದು ಎಳೆಯುವ ನೋಟ ಅಪರೂಪವೇನೂ ಅಲ್ಲ. ಆ ಹೊತ್ತಿಗೆ ಕೈಗೆ ಸಿಕ್ಕಿದ್ದೇ ಹಗ್ಗ, ಬಂದದ್ದೇ ಗಂಟು. ಸುತ್ತ ನಿಂತು ನೋಡುವವರಿಗೂ, ಬುದ್ಧಿ ಹೇಳುವವರಿಗೂ ಕೊರತೆಯಿಲ್ಲ. ಬಿಗಿದು ನಿಂತ ಹಗ್ಗ ಕಿತ್ತರೆ ಅದು ಹೊಡೆಯುವುದು ಹೀಗೆ ನಿಂತವರನ್ನೇ. ಆದುದರಿಂದ ಈ ಹಳೆಯ ವಿದ್ಯೆಯ ಚರಿತ್ರೆಯನ್ನು ಒಮ್ಮೆ ಹಿಂದಿರುಗಿ ನೋಡುವುದು ವ್ಯರ್ಥವಾಗಲಾರದು.

ಈಜಿಪ್ಟಿನಿಂದ ಪ್ರಾರಂಭಿಸೋಣ. ನೈಲ್ ನದಿಯ ದಂಡೆಯ ಮೇಲಿರುವ ದೈರ್ ಅಲ್-ಬರ್ಷಾ ಎಂಬಲ್ಲಿ ಜೆಹುತಿಹೋತೆಪ್ ಎಂಬ ಪ್ರಾಂತಾಧಿಪತಿಯ ಸಮಾಧಿಯಿದೆ. ಕ್ರಿಸ್ತನಿಗೆ ಸುಮಾರು 1,900 ವರ್ಷಗಳ ಹಿಂದಿನದು. ಅದರ ಗೋಡೆಯ ಮೇಲೆ ಆ ಅಧಿಪತಿಯ ಭಾರಿ ವಿಗ್ರಹವೊಂದನ್ನು ಜಾರುಬಂಡಿಯ ಮೇಲಿರಿಸಿ ಎಳೆದೊಯ್ಯುವ ಚಿತ್ರವನ್ನು ಬರೆದಿದ್ದಾರೆ. ವಿಗ್ರಹದ ಎತ್ತರ 13 ಮೊಳವೆಂದು ಅಲ್ಲಿಯ ಬರೆಹವೇ ಹೇಳುತ್ತದೆ. ಈಜಿಪ್ಟಿನ ಮೊಳ ನಮ್ಮದಕ್ಕಿಂತ ದೊಡ್ಡದಾದುದರಿಂದ ಇದು ಇಪ್ಪತ್ತೆರಡು ಅಡಿಗೂ ಮಿಕ್ಕೀತು. ತೂಕವನ್ನು ಐವತ್ತು ಟನ್ನಿಗೂ ಹೆಚ್ಚೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ನಾಲ್ಕು ಹಗ್ಗಗಳಿಗೆ ನಾಲ್ಕು ಸಾಲು ಜನ, ಒಟ್ಟು 172 ಮಂದಿ. ವಿಗ್ರಹದ ಮೊಣಕಾಲಿನ ಮೇಲೆ ನಿಂತ ಒಬ್ಬನು ಚಪ್ಪಾಳೆ ತಟ್ಟಿ ತಾಳ ಕೊಡುತ್ತಿದ್ದಾನೆ. ಜಾರುಬಂಡಿಯ ಮುಂತುದಿಯಲ್ಲಿ ನಿಂತ ಇನ್ನೊಬ್ಬನು ಕೊಡದಿಂದ ಏನನ್ನೋ ಸುರಿಯುತ್ತಿದ್ದಾನೆ.

ಈ ಸುರಿಯುವವನ ವಿಷಯದಲ್ಲಿ ವಿದ್ವಾಂಸರಿಗೆ ಬಹುಕಾಲ ಸಂದೇಹವಿದ್ದಿತು. ಇದು ಕೇವಲ ಪೂಜಾವಿಧಿಯೆಂದವರೂ ಉಂಟು. 2014ರಲ್ಲಿ ಆಮ್ಸ್ಟರ್‌ಡ್ಯಾಮಿನ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಮರಳನ್ನು ಹದವಾಗಿ ತೋಯಿಸಿ ಅದರ ಮೇಲೆ ಜಾರುಬಂಡಿಯನ್ನು ಎಳೆದು ನೋಡಿದರು. ಎಳೆಯಲು ಬೇಕಾದ ಬಲ ಒಣಮರಳಿನಲ್ಲಿ ಬೇಕಾದುದರ ಅರ್ಧದಷ್ಟಕ್ಕೆ ಇಳಿಯಿತು. ಆದರೆ ಆ ಚಿತ್ರದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ನೀರಿನ ಕೊಡವಲ್ಲ. ವಿಗ್ರಹವನ್ನು ಜಾರುಬಂಡಿಗೆ ಬಿಗಿದಿರುವ ರೀತಿ. ಹಗ್ಗದ ಸುತ್ತುಗಳ ನಡುವೆ ಕೋಲನ್ನು ತೂರಿಸಿ ತಿರುಚಿ ಬಿಗಿ ಮಾಡಿದ್ದಾರೆ. ಹಗ್ಗವು ಕಲ್ಲಿನ ಅಂಚಿನ ಮೇಲೆ ಹಾಯುವೆಡೆಯಲ್ಲೆಲ್ಲ ತೊಗಲಿನ ಚೂರಿನಂತಹ ಮೆತ್ತೆಯನ್ನು ಇಟ್ಟಿದ್ದಾರೆ. ವಿಗ್ರಹದ ಅಂಚು ಸವೆಯದಿರಲೆಂದು ಹಾಗೆ ಮಾಡಿರಬಹುದು. ಹಗ್ಗದ ಪ್ರಾಣ ಉಳಿಯುವುದೂ ಅದರಿಂದಲೇ. ಚೂಪಾದ ಅಂಚಿನ ಮೇಲೆ ಬಿಗಿದ ಹಗ್ಗ ಹೆಚ್ಚು ಹೊತ್ತು ಬಾಳದೆಂಬುದನ್ನು ಆ ಚಿತ್ರ ಬರೆದವನ ಕಾಲದವರು ಬಲ್ಲವರಾಗಿದ್ದರು.

ಅವರ ಹಗ್ಗಗಳೂ ನಮ್ಮ ಕಣ್ಣಿಗೆ ದೊರೆತಿವೆ. ಕೆಂಪು ಸಮುದ್ರದ ತೀರದಲ್ಲಿರುವ ಮೆರ್ಸಾ ಗವಾಸಿಸ್ ಎಂಬ ಹಳೆಯ ರೇವಿನ ಗುಹೆಗಳನ್ನು ಈ ಶತಮಾನದ ಮೊದಲ ದಶಕದಲ್ಲಿ ತೆರೆದು ನೋಡಿದಾಗ, ಸುಮಾರು 3,800 ವರ್ಷಗಳ ಹಿಂದೆ ಹಡಗಿನವರು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಕಟ್ಟಿಟ್ಟು ಹೋಗಿದ್ದ ಹಗ್ಗಗಳು ಹಾಗೆಯೇ ಇದ್ದುವು. ಆ ರಾಜವಂಶಗಳೆಲ್ಲ ಅಳಿದುಹೋದ ಮೇಲೂ ಅವರ ಹಗ್ಗದ ಕಟ್ಟು ಸಡಿಲಿರಲಿಲ್ಲ.

ನಮ್ಮ ಕಡೆಯ ಸಮುದ್ರಕ್ಕೆ ಬಂದರೆ ಹಗ್ಗದ ಮಾತು ಇನ್ನೂ ಸ್ವಾರಸ್ಯವಾಗುತ್ತದೆ. ಹನ್ನೊಂದನೆಯ ಶತಮಾನದ ಅಲ್ಬಿರೂನಿಯು ಪಶ್ಚಿಮ ಸಮುದ್ರದ ದ್ವೀಪಗಳನ್ನು ಎರಡು ಬಗೆಯಾಗಿ ವಿಂಗಡಿಸಿ, ಒಂದನ್ನು ಕವಡೆಯ ದ್ವೀಪಗಳೆಂದೂ ಇನ್ನೊಂದನ್ನು ಕತ್ತದ ಹಗ್ಗದ ದ್ವೀಪಗಳೆಂದೂ ಕರೆದಿದ್ದಾನೆ. ತೆಂಗಿನ ನಾರಿನ ಹುರಿ ಅಷ್ಟು ದೊಡ್ಡ ವ್ಯಾಪಾರದ ಸರಕಾಗಿದ್ದಿತು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡು ಹೋದ ಇಬ್ನ್ ಬತೂತಾ ಇದರ ಗುಣವನ್ನು ಚೆನ್ನಾಗಿ ಗ್ರಹಿಸಿದ್ದನು. ಈ ಕಡಲಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸದೆ ಕತ್ತದ ಹುರಿಯಿಂದ ಹೊಲಿಯುತ್ತಾರೆ. ಮೊಳೆ ಬಡಿದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ ಎಂಬುದು ಅವನ ವಿವರಣೆಯ ಸಾರ.

ಬಾಗಿ ಉಳಿಯುವುದು, ಎಂದರೆ ಹಿಗ್ಗಿ ತಾಳಿಕೊಳ್ಳುವುದು: ಎಳೆಯುವ ಹಗ್ಗದ ಮುಖ್ಯ ಗುಣವೂ ಇದೇ. ನಿಂತ ಭಾರವನ್ನು ಎಳೆಯುವಾಗ ಹಗ್ಗ ಕೀಳುವುದು ಭಾರದಿಂದಲ್ಲ, ಬಹುಮಟ್ಟಿಗೆ ಜಗ್ಗಿನಿಂದ. ಹಗ್ಗ ಸಡಿಲವಾಗಿ ನೆಲದ ಮೇಲೆ ಬಿದ್ದಿರುವಾಗ ಮುಂದಿನ ವಾಹನ ರಭಸದಿಂದ ಹೊರಟರೆ, ಹಗ್ಗವು ಬಿಗಿಯಾದ ಕ್ಷಣದಲ್ಲಿ ಅದರ ಮೇಲೆ ಬೀಳುವ ಸೆಳೆತ ಮೆಲ್ಲನೆ ಎಳೆದಾಗಿನ ಸೆಳೆತಕ್ಕೆ ಹಲವು ಮಡಿಯಾಗುತ್ತದೆ. ಹಿಗ್ಗುವ ಹಗ್ಗವು ಆ ಏಟನ್ನು ಸ್ವಲ್ಪ ಕಾಲದ ಮೇಲೆ ಹರಡುತ್ತದೆ. ಹಿಗ್ಗದ ಸರಪಣಿಯು ಅದನ್ನು ಒಂದೇ ಕೊಂಡಿಯ ಮೇಲೆ ಹಾಕುತ್ತದೆ. ಇದಕ್ಕಾಗಿಯೇ ಆಂಗ್ಲ ನಾವಿಕರು ಒಂದು ಹಡಗನ್ನು ಇನ್ನೊಂದು ಎಳೆಯಬೇಕಾದಾಗ ನಮ್ಮ ತೀರದ ಕತ್ತದ ಹಗ್ಗವನ್ನು ಬಹಳವಾಗಿ ಬಳಸಿದರು. ಅದು ಸೆಣಬಿನ ಹಗ್ಗಕ್ಕಿಂತ ಬಲದಲ್ಲಿ ಕಡಮೆ. ಆದರೆ ಹಿಗ್ಗುತ್ತದೆ, ನೀರಿನ ಮೇಲೆ ತೇಲುತ್ತದೆ. ಹೆಸರನ್ನು ಮಾತ್ರ ಸ್ವಲ್ಪ ತಾತ್ಸಾರದಿಂದ ‘ಹುಲ್ಲಿನ ಹಗ್ಗ’ವೆಂದೇ ಇಟ್ಟಿದ್ದರು!

ಗಂಟಿನ ವಿಷಯಕ್ಕೆ ಬರೋಣ. ಗಂಟುಗಳನ್ನು ಬರೆವಣಿಗೆಯಲ್ಲಿ ಮೊದಲು ವಿವರಿಸಿದವರಲ್ಲಿ ಹಡಗಿನವರಾಗಲಿ ಬಂಡಿಕಾರರಾಗಲಿ ಇಲ್ಲ, ಇರುವವರು ವೈದ್ಯರು. ಮುರಿದ ಎಲುಬನ್ನು ಎಳೆದು ಕೂಡಿಸುವುದಕ್ಕೆ ಬೇಕಾದ ಕುಣಿಕೆಗಳನ್ನು ಹೆರಾಕ್ಲಾಸ್ ಎಂಬ ಗ್ರೀಕ್ ವೈದ್ಯನು ಕ್ರಿ. ಶ. ಮೊದಲನೆಯ ಶತಮಾನದಲ್ಲಿ ಒಂದೊಂದಾಗಿ ವರ್ಣಿಸಿದನು. ನಾಲ್ಕನೆಯ ಶತಮಾನದ ಒರಿಬಾಸಿಯಸ್ ಎಂಬ ವೈದ್ಯನ ಸಂಗ್ರಹದಲ್ಲಿ ಅದು ಉಳಿದು ಬಂದಿದೆ. ಅವುಗಳಲ್ಲಿ ಹರ್ಕ್ಯುಲೀಸನ ಗಂಟೂ ಒಂದು. ನಾವು ಪೊಟ್ಟಣ ಕಟ್ಟುವಾಗ ಎಡದ ಮೇಲೆ ಬಲ, ಬಲದ ಮೇಲೆ ಎಡ ಎಂದು ಹಾಕುವ ಚಪ್ಪಟೆಯಾದ ಇಮ್ಮಡಿ ಗಂಟೇ ಅದು. ಈ ಗಂಟು ಹಾಕಿ ಕಟ್ಟಿದ ಗಾಯ ಬೇಗ ಮಾಯುತ್ತದೆಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಚಪ್ಪಟೆಯಾಗಿ ಮೈಗೆ ಒತ್ತದಂತೆ ಕೂರುವುದರಿಂದ ಪಟ್ಟಿ ಕಟ್ಟುವುದಕ್ಕೆ ಅದು ಇಂದಿಗೂ ಉತ್ತಮವೇ ಸರಿ.

ಆದರೆ ಗಾಯಕ್ಕೆ ಒಳ್ಳೆಯದಾದ ಈ ಗಂಟು ಎಳೆಹಗ್ಗಕ್ಕೆ ಮೃತ್ಯುಪ್ರಾಯವಾದುದು. ಎರಡು ಹಗ್ಗಗಳ ತುದಿಗಳನ್ನು ಇದರಿಂದ ಕೂಡಿಸಿ ಜಗ್ಗಿದರೆ, ಅದರಲ್ಲಿಯೂ ಒಂದು ದಪ್ಪ ಒಂದು ತೆಳುವಾಗಿದ್ದರೆ, ಅದು ಮಗುಚಿಕೊಂಡು ಜಾರುತ್ತದೆ. ಅಮೆರಿಕಾದ ಕ್ಲಿಫರ್ಡ್ ಆಷ್ಲಿ ಎಂಬ ಚಿತ್ರಕಾರನು ತಿಮಿಂಗಿಲದ ಬೇಟೆಯ ಹಡಗಿನಲ್ಲಿ ತಾನೇ ಯಾನ ಮಾಡಿದವನು. ಹನ್ನೊಂದು ವರ್ಷ ದುಡಿದು, 3,800ಕ್ಕೂ ಮಿಕ್ಕಿದ ಗಂಟುಗಳ ವಿವರವುಳ್ಳ ಮಹಾಗ್ರಂಥವೊಂದನ್ನು 1944ರಲ್ಲಿ ಪ್ರಕಟಿಸಿದನು. ಹಗ್ಗಗಳನ್ನು ಕೂಡಿಸುವುದಕ್ಕೆ ಬಳಸಿದಾಗ ಈ ಒಂದು ಗಂಟು ತೆಗೆದುಕೊಂಡಿರುವಷ್ಟು ಪ್ರಾಣಗಳನ್ನು ಉಳಿದ ಗಂಟುಗಳೆಲ್ಲ ಸೇರಿಯೂ ತೆಗೆದುಕೊಂಡಿರಲಾರವೆಂದು ಅವನ ಅಭಿಪ್ರಾಯ. ಲೆಕ್ಕ ಮಾಡಿ ಹೇಳಿದ ಮಾತಲ್ಲ. ಆದರೆ ಅಷ್ಟು ಗಂಟುಗಳನ್ನು ಕೈಯಾರೆ ಕಟ್ಟಿದವನ ಮಾತು. ನಮ್ಮ ರಸ್ತೆಗಳಲ್ಲಿ ಉದ್ದ ಸಾಲದ ಹಗ್ಗಕ್ಕೆ ಇನ್ನೊಂದು ತುಂಡನ್ನು ಸೇರಿಸುವವರು ಹಾಕುವುದು ಸಾಮಾನ್ಯವಾಗಿ ಇದೇ ಗಂಟು.

ಹಡಗಿನವರು ಇದಕ್ಕೆ ಬದಲಾಗಿ ಆರಿಸಿಕೊಂಡದ್ದು ಬೌಲೈನ್ ಎಂಬ ಕುಣಿಕೆಯನ್ನು. ವರ್ಜೀನಿಯದ ನೆಲಸುನಾಡಿನ ಕಥೆಯಲ್ಲಿ ಹೆಸರಾದ ಕ್ಯಾಪ್ಟನ್ ಜಾನ್ ಸ್ಮಿತ್ 1627ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಹೆಸರಿಸುವ ಗಂಟುಗಳು ಮೂರೇ ಮೂರು. ಅವುಗಳಲ್ಲಿ ಇದು ಒಂದು. ಹಾಯಿ ಹರಿದೀತು, ಹಗ್ಗ ಕಿತ್ತೀತು, ಈ ಗಂಟು ಮಾತ್ರ ಜಾರದು ಎಂಬ ಅರ್ಥದಲ್ಲಿ ಅವನು ಅದನ್ನು ಹೊಗಳಿದ್ದಾನೆ. ನಮ್ಮಲ್ಲಿ ಬಾವಿಯ ಕೊಡಕ್ಕೆ ಹಾಕುವ ಜೀರುಕುಣಿಕೆಗೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. ಜೀರುಕುಣಿಕೆ ಎಳೆದಷ್ಟೂ ಬಿಗಿಯುತ್ತ ಹೋಗುತ್ತದೆ. ಕೊಡದ ಕಂಠಕ್ಕೆ ಅದು ಸರಿ. ಮೋಟಾರನ್ನು ಎಳೆದ ಮೇಲೆ ಮಾತ್ರ ಅದು ಕಲ್ಲಿನಂತಾಗಿ, ಕೊಯ್ಯದೆ ಬೇರೆ ದಾರಿಯಿಲ್ಲವಾಗುತ್ತದೆ. ಬೌಲೈನಿನ ಕುಣಿಕೆಯ ಅಳತೆ ಎಷ್ಟು ಎಳೆದರೂ ಬದಲಾಗುವುದಿಲ್ಲ.

ಹಗ್ಗಕ್ಕೆ ಗಂಟು ಎಂಬುದೇ ಒಂದು ಗಾಯವೆಂಬುದನ್ನೂ ಇಲ್ಲಿ ಹೇಳಬೇಕು. ಇದನ್ನು ತಿಳಿಯಲು ಜೋಸೆಫ್ ಹಡಾರ್ಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನನ ಕೆಲಸವನ್ನು ನೆನೆಯುವುದು ಉಪಯುಕ್ತ. ಭಾರತದ ತೀರಗಳನ್ನು ಅಳೆದು ನಕ್ಷೆ ಬರೆದವರಲ್ಲಿ ಅವನೊಬ್ಬನು. ಲಂಗರಿನ ಹಗ್ಗಗಳು ತಮ್ಮ ದಪ್ಪಕ್ಕೆ ತಕ್ಕ ಬಲವನ್ನು ತೋರದೆ ಏಕೆ ಕೀಳುತ್ತವೆಂದು ಅವನು ವಿಚಾರ ಮಾಡಿದನು. ಹೊಸೆಯುವ ಮೊದಲು ಎಳೆಗಳೆಲ್ಲವೂ ಒಂದೇ ಉದ್ದ. ಹುರಿಗೊಂಡಾಗ ಹೊರಗಿನ ಎಳೆ ದೂರ ಸುತ್ತಬೇಕು, ಒಳಗಿನದು ಹತ್ತಿರ. ಆದುದರಿಂದ ಭಾರವೆಲ್ಲ ಹೊರಗಿನ ಎಳೆಗಳ ಮೇಲೆ ಬಿದ್ದು, ಒಳಗಿನವು ಸುಮ್ಮನೆ ಇರುತ್ತವೆ. ಹೊರಗಿನವು ಹರಿದ ಮೇಲೆ ಒಳಗಿನವುಗಳ ಸರದಿ. ಪ್ರತಿಯೊಂದು ಎಳೆಗೂ ಅದರ ಸ್ಥಾನಕ್ಕೆ ತಕ್ಕ ಉದ್ದವನ್ನು ಒದಗಿಸುವ ಯಂತ್ರವನ್ನು ರಚಿಸಿ 1793ರಲ್ಲಿ ಹಡಾರ್ಟ್ ಅದಕ್ಕೆ ಹಕ್ಕುಪತ್ರ ಪಡೆದನು. ಗಂಟಿನಲ್ಲಿ ಆಗುವುದೂ ಇದೇ ಅನ್ಯಾಯ. ಹಗ್ಗವು ಕಿರಿದಾಗಿ ಬಾಗಿದಲ್ಲಿ ಹೊರಮೈಯ ಎಳೆಗಳು ಭಾರವನ್ನೆಲ್ಲ ಹೊರುತ್ತವೆ. ಕೀಳುವ ಹಗ್ಗ ಸಾಮಾನ್ಯವಾಗಿ ಗಂಟಿನ ಬಾಯಲ್ಲಿಯೇ ಕೀಳುವುದಕ್ಕೆ ಕಾರಣ ಇದು. ಪರೀಕ್ಷೆಗಳಲ್ಲಿ ಅಂಕಿಗಳು ಹಗ್ಗದಿಂದ ಹಗ್ಗಕ್ಕೆ ಬೇರೆಯಾದರೂ, ಒಳ್ಳೆಯ ಬೌಲೈನ್ ಸುಮಾರು ಮೂರರಲ್ಲೊಂದು ಪಾಲು ಬಲವನ್ನೂ, ಸಾಧಾರಣ ಒಂಟಿಗಂಟು ಅರ್ಧದಷ್ಟನ್ನೂ ತಿಂದುಬಿಡುತ್ತದೆಂದು ಇಟ್ಟುಕೊಂಡರೆ ತಪ್ಪಾಗದು.

ಭಾರ ಎಳೆಯುವ ಸಾಹಸಗಳಲ್ಲಿ ಯೂರೋಪಿನವರು ಮತ್ತೆ ಮತ್ತೆ ಹೇಳಿಕೊಳ್ಳುವುದು 1586ರಲ್ಲಿ ರೋಮಿನಲ್ಲಿ ನಡೆದುದನ್ನು. ಈಜಿಪ್ಟಿನಿಂದ ಕ್ಯಾಲಿಗುಲ ಚಕ್ರವರ್ತಿ ತರಿಸಿದ್ದ, 80 ಅಡಿಗೂ ಎತ್ತರವಾದ ಏಕಶಿಲಾಸ್ತಂಭವೊಂದನ್ನು ಸೇಂಟ್ ಪೀಟರ್ ದೇವಾಲಯದ ಪಕ್ಕದಿಂದ ಅದರ ಮುಂದಕ್ಕೆ ತರಬೇಕೆಂದು ಐದನೆಯ ಸಿಕ್ಸ್ಟಸ್ ಪೋಪನು ಆಜ್ಞೆ ಮಾಡಿದನು. ಭಾರ ಮುನ್ನೂರು ಟನ್ನಿಗೂ ಹೆಚ್ಚು. ದೊಮೆನಿಕೊ ಫೊಂತಾನ ಎಂಬ ಶಿಲ್ಪಿ 40 ತಿರುಗಣೆಗಳನ್ನು ನೆಡಿಸಿದನು. ತಿರುಗಣೆಯೆಂದರೆ ನಡುವೆ ನಿಂತ ದಿಮ್ಮಿಗೆ ಹಗ್ಗವನ್ನು ಸುತ್ತಿ, ಅದರ ತೋಳುಗಳನ್ನು ಜನರೂ ಕುದುರೆಗಳೂ ಗಾಣದ ಎತ್ತಿನಂತೆ ಸುತ್ತಿಸುವ ಯಂತ್ರ. ಏಪ್ರಿಲ್ 30ರಂದು 907 ಮಂದಿ, 75 ಕುದುರೆಗಳು ದುಡಿದು ಸ್ತಂಭವನ್ನು ಅದರ ಪೀಠದಿಂದ ಎತ್ತಿದರು. ಅದು ಹೊಸ ಪೀಠದ ಮೇಲೆ ನಿಂತದ್ದು ಸೆಪ್ಟೆಂಬರ್ 10ರಂದು.

ಆ ದಿನ ಯಾರೂ ಮಾತನಾಡಕೂಡದೆಂದು ಕಟ್ಟಾಜ್ಞೆಯಿದ್ದಿತೆಂದೂ, ಹಗ್ಗಗಳು ಕಾದು ಸಡಿಲಿದುದನ್ನು ಕಂಡ ನಾವಿಕನೊಬ್ಬನು ಆಜ್ಞೆಯನ್ನು ಮೀರಿ ‘ಹಗ್ಗಕ್ಕೆ ನೀರು!’ ಎಂದು ಕೂಗಿದನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಆ ಕಾಲದ ವೃತ್ತಾಂತಗಳಲ್ಲಿ ಅದಕ್ಕೆ ಆಧಾರವಿಲ್ಲ. ಆದರೂ ನಾರಿನ ಹಗ್ಗ ನೆನೆದರೆ ದಪ್ಪವಾಗಿ, ಉದ್ದದಲ್ಲಿ ಕುಗ್ಗಿ, ಬಿಗಿಯುವುದು ನಿಜ. ಆಧಾರವುಳ್ಳ ಸಂಗತಿ ಇನ್ನೊಂದಿದೆ, ನನಗೆ ಅದು ಆ ಕಥೆಗಿಂತ ಬೆಲೆಯುಳ್ಳದ್ದೆಂದು ತೋರುತ್ತದೆ: ತುತ್ತೂರಿ ಊದಿದರೆ ಎಲ್ಲ ತಿರುಗಣೆಗಳೂ ಒಟ್ಟಿಗೆ ತಿರುಗಬೇಕು, ಗಂಟೆ ಬಾರಿಸಿದರೆ ಎಲ್ಲವೂ ಒಟ್ಟಿಗೆ ನಿಲ್ಲಬೇಕೆಂದು ಫೊಂತಾನ ಗೊತ್ತುಮಾಡಿದ್ದನು. ಒಂದು ಹಗ್ಗ ಮುಂದಾಗಿ ಇನ್ನೊಂದು ಹಿಂದಾದರೆ ಭಾರವೆಲ್ಲ ಒಂದರ ಮೇಲೆ ಬೀಳುವುದಲ್ಲವೆ?

ಇಂತಹದೇ ಮತ್ತೊಂದು ಈಜಿಪ್ಟಿನ ಸ್ತಂಭ 1877ರಲ್ಲಿ ಸಮುದ್ರದ ಮೇಲೆ ಎಳೆಯಲ್ಪಟ್ಟಿತು. ಮೂರನೆಯ ಥುಟ್ಮೋಸ್ ಅರಸನು ಕಡೆಯಿಸಿದ ಇದಕ್ಕೂ ಕ್ಲಿಯೋಪಾತ್ರಳಿಗೂ ಸಂಬಂಧವಿಲ್ಲದಿದ್ದರೂ, ಜನ ಇದನ್ನು ಕ್ಲಿಯೋಪಾತ್ರಳ ಸೂಜಿಯೆಂದು ಕರೆದರು. ಮಹಮ್ಮದಾಲಿಯು 1819ರಲ್ಲಿ ಇದನ್ನು ಇಂಗ್ಲೆಂಡಿಗೆ ಕಾಣಿಕೆಯಾಗಿ ಕೊಟ್ಟಿದ್ದನು. ತರುವ ವೆಚ್ಚಕ್ಕೆ ಹೆದರಿ ಅರ್ಧ ಶತಮಾನಕ್ಕೂ ಮೀರಿ ಅದು ಅಲೆಗ್ಸಾಂಡ್ರಿಯದಲ್ಲಿಯೇ ಉಳಿಯಿತು. ಕಡೆಗೆ ಎರಾಸ್ಮಸ್ ವಿಲ್ಸನ್ ಎಂಬ ವೈದ್ಯನು 10,000 ಪೌಂಡು ಕೊಟ್ಟನು. ಜಾನ್ ಡಿಕ್ಸನ್ ಎಂಬ ಇಂಜಿನಿಯರನು ಸ್ತಂಭದ ಸುತ್ತಲೂ 90 ಅಡಿ ಮಿಕ್ಕ ಉದ್ದದ ಕಬ್ಬಿಣದ ಕೊಳವೆಯೊಂದನ್ನು ಕಟ್ಟಿ, ಅದಕ್ಕೆ ಚುಕ್ಕಾಣಿಯನ್ನೂ ಪುಟ್ಟ ಕೋಣೆಯನ್ನೂ ಜೋಡಿಸಿ ‘ಕ್ಲಿಯೋಪಾತ್ರ’ ಎಂದು ಹೆಸರಿಟ್ಟನು. ಸೆಪ್ಟೆಂಬರ್ 21ರಂದು ‘ಓಲ್ಗಾ’ ಎಂಬ ಉಗಿಹಡಗು ಅದನ್ನು ಹಗ್ಗದಿಂದ ಕಟ್ಟಿಕೊಂಡು ಹೊರಟಿತು. ಕೊಳವೆಯಲ್ಲಿ ಕ್ಯಾಪ್ಟನ್ ಕಾರ್ಟರನೂ ಕೆಲವು ಮಂದಿ ನಾವಿಕರೂ ಇದ್ದರು.

ಅಕ್ಟೋಬರ್ 14ರಂದು ಬಿಸ್ಕೆ ಕೊಲ್ಲಿಯಲ್ಲಿ ಬಿರುಗಾಳಿ ಎದ್ದಿತು. ಕೊಳವೆಯೊಳಗಣ ನಿಲುಭಾರ ಸರಿದು ಅದು ಒಂದು ಮಗ್ಗುಲಿಗೆ ವಾಲಿತು. ಎಳೆಯುವ ಹಡಗಿಗೂ ಎಳೆಯಲ್ಪಡುವುದಕ್ಕೂ ನಡುವೆ ಬಂಧುವಾಗಿದ್ದ ಹಗ್ಗ ಆ ಅಲೆಗಳಲ್ಲಿ ಎರಡಕ್ಕೂ ವೈರಿಯಾಯಿತು, ಅದನ್ನು ಬಿಟ್ಟುಬಿಡಬೇಕಾಯಿತು. ಕೊಳವೆಯಲ್ಲಿದ್ದವರನ್ನು ಉಳಿಸಲು ಓಲ್ಗಾದಿಂದ ಆರು ಮಂದಿ ತಾವಾಗಿ ಮುಂದೆ ಬಂದು ದೋಣಿಯನ್ನು ಇಳಿಸಿದರು. ಅಲೆ ದೋಣಿಯನ್ನು ನುಂಗಿತು. ಆರು ಮಂದಿಯೂ ಮರಳಲಿಲ್ಲ. ಆಮೇಲೆ ಓಲ್ಗಾ ಪಕ್ಕಕ್ಕೆ ಬಂದು ಕಾರ್ಟರನನ್ನೂ ಅವನ ಸಂಗಡಿಗರನ್ನೂ ಉಳಿಸಿಕೊಂಡಿತು. ಮುಳುಗಿಹೋಯಿತೆಂದು ಎಲ್ಲರೂ ಕೈಬಿಟ್ಟ ‘ಕ್ಲಿಯೋಪಾತ್ರ’ ತೇಲಿಕೊಂಡೇ ಇದ್ದು, ‘ಫಿಟ್ಸ್‌ಮಾರಿಸ್’ ಎಂಬ ಹಡಗಿನ ಕೈಗೆ ಸಿಕ್ಕಿ ಸ್ಪೇನಿನ ಫೆರೊಲ್ ರೇವನ್ನು ಸೇರಿತು. 1878ರ ಜನವರಿಯಲ್ಲಿ ‘ಆಂಗ್ಲಿಯ’ ಎಂಬ ಹಡಗು ಅದನ್ನು ಲಂಡನಿಗೆ ಎಳೆದು ತಂದಿತು. ಸ್ತಂಭವನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ನಿಲ್ಲಿಸಿದರು.

ಆ ಸ್ತಂಭದ ಪೀಠದಲ್ಲಿ ಮಡಿದ ಆ ಆರು ಮಂದಿಯ ಹೆಸರುಗಳನ್ನು ಕೆತ್ತಿದ್ದಾರೆ: ವಿಲಿಯಂ ಆಸ್ಕಿನ್, ಮೈಕೇಲ್ ಬರ್ನ್ಸ್, ಜೇಮ್ಸ್ ಗಾರ್ಡಿನರ್, ವಿಲಿಯಂ ಡೊನಾಲ್ಡ್, ಜೋಸೆಫ್ ಬೆನ್ಬೋ, ವಿಲಿಯಂ ಪೇಟನ್. ಜೆಹುತಿಹೋತೆಪನ ಚಿತ್ರದಲ್ಲಿ ಹಗ್ಗ ಹಿಡಿದ 172 ಮಂದಿಗೆ ಮುಖಗಳುಂಟು, ಹೆಸರಿಲ್ಲ. ಫೊಂತಾನನ 907 ಮಂದಿಗೆ ಸಂಖ್ಯೆಯೊಂದೇ. ನಮ್ಮ ಬೆಟ್ಟಗಳಿಂದ ದೇವಾಲಯಗಳಿಗೆ ಕಲ್ಲೆಳೆದವರ ಸಂಖ್ಯೆಯೂ ನಮಗೆ ಉಳಿದಿಲ್ಲ.

ಇನ್ನು ಮೋಟಾರಿನ ಕಾಲ. ಕೆಟ್ಟ ಮೋಟಾರನ್ನು ಎಳೆಯುವ ಕ್ರೇನ್ ಗಾಡಿಯೂ ಹಗ್ಗದ ಒಂದು ಕಷ್ಟದ ದಿನದಿಂದಲೇ ಹುಟ್ಟಿತು. ಅಮೆರಿಕಾದ ಚಟನೂಗ ಪಟ್ಟಣದ ಅರ್ನೆಸ್ಟ್ ಹೋಮ್ಸ್ ಎಂಬಾತನು 1916ರಲ್ಲಿ ಹಳ್ಳಕ್ಕೆ ಬಿದ್ದ ಪರಿಚಿತನೊಬ್ಬನ ಮೋಟಾರನ್ನು ಜನರಿಂದಲೂ ಹಗ್ಗಗಳಿಂದಲೂ ಎಳೆಯಿಸಿ ಸಾಕಾಗಿ, ವಾಹನದ ಮೇಲೆ ರಾಟೆಯನ್ನೂ ತೋಳನ್ನೂ ಕೂಡಿಸಿದ ಯಂತ್ರವನ್ನು ರಚಿಸಿದನು. ಆ ಊರಿನಲ್ಲಿ ಈಗ ಎಳೆಗಾಡಿಗಳ ವಸ್ತುಸಂಗ್ರಹಾಲಯವಿದೆ. ಅದರ ಹೊರಗೆ, ರಸ್ತೆಯ ಮೇಲೆ ಇತರರ ವಾಹನಗಳನ್ನು ಎಳೆಯುತ್ತಿರುವಾಗ ಸತ್ತವರ ಹೆಸರುಗಳನ್ನು ಬರೆದ ಗೋಡೆಯೂ ಇದೆ.

ಹಗ್ಗದ ದ್ರವ್ಯವೇ ಬದಲಾದದ್ದು ಅದರ ಅನಂತರ. 1938ರಲ್ಲಿ ದ್ಯೂಪಾನ್ ಸಂಸ್ಥೆಯವರು ನೈಲಾನನ್ನು ಲೋಕಕ್ಕೆ ಸಾರಿದರು. ಹೆಂಗಸರ ಕಾಲುಚೀಲಕ್ಕೆಂದು ಹೊರಟ ಈ ನೂಲು ಎರಡನೆಯ ಮಹಾಯುದ್ಧದಲ್ಲಿ, ಇಂಜಿನ್ನಿಲ್ಲದ ಗ್ಲೈಡರುಗಳನ್ನು ವಿಮಾನಗಳು ಆಕಾಶದಲ್ಲಿ ಎಳೆಯುವ ಹಗ್ಗವಾಯಿತು. ಅದು ಕತ್ತಕ್ಕಿಂತ ಬಲು ಗಟ್ಟಿ, ಹಿಗ್ಗುವುದರಲ್ಲಿಯೂ ಧಾರಾಳಿ. ಕೀಳುವ ಮುನ್ನ ತನ್ನ ಉದ್ದದ ಕಾಲುಭಾಗಕ್ಕೂ ಮಿಕ್ಕಿ ಹಿಗ್ಗಬಲ್ಲುದು. ಆದರೆ ಈ ಗುಣದೊಳಗೆ ಒಂದು ಅಪಾಯ ಅಡಗಿದೆ. ಹಿಗ್ಗಿದ ಹಗ್ಗ ಬಗ್ಗಿಸಿದ ಬಿಲ್ಲಿನಂತೆ. ಒಳಗೆ ಶಕ್ತಿಯನ್ನು ತುಂಬಿಕೊಂಡಿರುತ್ತದೆ. ಕಿತ್ತ ಕ್ಷಣದಲ್ಲಿ ಆ ಶಕ್ತಿಯೆಲ್ಲ ಹಿಂದಕ್ಕೆ ಚಿಮ್ಮುತ್ತದೆ. ಹಗ್ಗದ ತುದಿಯಲ್ಲಿ ಕಬ್ಬಿಣದ ಕೊಂಡಿಯಿದ್ದರೆ ಅದು ಫಿರಂಗಿಯ ಗುಂಡಿಗೆ ಸಮಾನ. ಅದರಿಂದ ಜನ ಸತ್ತಿದ್ದಾರೆ. ವಾಹನದ ಮುಂದಿನ ತಗಡಿನ ಅಡ್ಡಪಟ್ಟಿಗೋ, ಚುಕ್ಕಾಣಿಯ ಸರಳಿಗೋ ಹಗ್ಗವನ್ನು ಕಟ್ಟಿದರೆ ಅದೇ ಕಿತ್ತು ಬರುತ್ತದೆ. ಎಳೆಯುವುದಕ್ಕೆಂದೇ ತಯಾರಕರು ಚೌಕಟ್ಟಿಗೆ ಕೊಂಡಿಯನ್ನು ಇಟ್ಟಿರುತ್ತಾರೆ. ಈಚಿನ ಸಣ್ಣ ಮೋಟಾರುಗಳಲ್ಲಿ ಅದು ಉಪಕರಣದ ಚೀಲದಲ್ಲಿ ಬೇರೆಯಾಗಿದ್ದು ತಿರುಗಿಸಿ ಕೂರಿಸಬೇಕಾದೀತು.

ರೇಡಿಯೋದ ಮುಂದೆ ಕುಳಿತ ತಮಗೆ ಗಂಟನ್ನು ಕಟ್ಟಿ ತೋರಿಸಲು ನನ್ನಿಂದಾಗದು, ಹೇಳಿ ನೋಡುತ್ತೇನೆ. ಹಗ್ಗದ ತುದಿಯಿಂದ ಎರಡು ಮೊಳದಷ್ಟು ಬಿಟ್ಟು, ತುದಿಯ ಕಡೆಯ ಭಾಗವು ಮೇಲೆ ಬರುವಂತೆ ಒಂದು ಪುಟ್ಟ ಸುತ್ತನ್ನು ಮಾಡಿರಿ. ಈಗ ತುದಿಯನ್ನು ವಾಹನದ ಕೊಂಡಿಯೊಳಗೆ ಹಾಯಿಸಿ ತಂದು, ಪುಟ್ಟ ಸುತ್ತಿನೊಳಕ್ಕೆ ಕೆಳಗಿನಿಂದ ಮೇಲಕ್ಕೆ ಎತ್ತಿ, ಉದ್ದನೆಯ ಹಗ್ಗದ ಹಿಂಬದಿಯಿಂದ ಬಳಸಿ, ಮತ್ತೆ ಅದೇ ಸುತ್ತಿನೊಳಕ್ಕೆ ಇಳಿಸಿ ಬಿಗಿಯಿರಿ. ಇಂಗ್ಲಿಷ್ ಹುಡುಗರು ಇದನ್ನು ಬಿಲದ ಮೊಲದ ಕಥೆಯಾಗಿ ಕಲಿಯುತ್ತಾರೆ. ನಮ್ಮವರಿಗೆ ಹಾವನ್ನು ಹೇಳಿದರೆ ಸುಲಭವಾದೀತು: ಹುತ್ತದಿಂದ ಹೊರಟ ಹಾವು ಹಿಂದಣ ಮರವನ್ನು ಸುತ್ತಿ ಮರಳಿ ಹುತ್ತವನ್ನೇ ಹೊಗುತ್ತದೆ. ನೈಲಾನ್ ನುಣುಪಾದುದರಿಂದ ಹೊರಗೆ ಉಳಿದ ತುದಿ ಗೇಣಿಗೆ ಕಡಮೆಯಿರಬಾರದು. ಹಗ್ಗ ಸಡಿಲಿ ಅಲುಗಾಡಿದಾಗ ಬೌಲೈನ್ ತಾನಾಗಿ ಕಳಚುವುದೂ ಉಂಟಾದುದರಿಂದ, ಉಳಿದ ತುದಿಯನ್ನು ಪಕ್ಕದ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ ಭದ್ರಪಡಿಸಬೇಕು. ಅಂಚು ಚೂಪಾಗಿದ್ದರೆ ಗೋಣಿಯನ್ನೋ ತೊಗಲನ್ನೋ ಅಡ್ಡವಿಡಬೇಕು. ಹಗ್ಗದ ನಡುವೆ ಒದ್ದೆಯ ಗೋಣಿಯನ್ನೋ ದಪ್ಪ ಕಂಬಳಿಯನ್ನೋ ಹೊದಿಸಿದರೆ, ಕಿತ್ತಾಗ ಅದರ ಚಿಮ್ಮು ಸ್ವಲ್ಪವಾದರೂ ಕುಗ್ಗುತ್ತದೆ.

ಅನಂತರ ಎಲ್ಲರನ್ನೂ ದೂರ ಕಳುಹಿಸಬೇಕು, ಹಗ್ಗದ ಉದ್ದಕ್ಕೂ ಮಿಗಿಲಾದ ದೂರಕ್ಕೆ. ಹಿಂದಿನ ಮೋಟಾರಿನಲ್ಲಿ ಚುಕ್ಕಾಣಿ ಬೀಗ ಬೀಳದಂತೆ ಕೀಲಿಕೈಯನ್ನು ತಿರುಗಿಸಿ ಇಟ್ಟಿರಬೇಕು. ಇಂಜಿನ್ ನಿಂತಿರುವಾಗ ಬ್ರೇಕು ಎಂದಿಗಿಂತ ಬಲವಾದ ತುಳಿತವನ್ನು ಬೇಡುತ್ತದೆಂಬುದನ್ನು ಅಲ್ಲಿ ಕುಳಿತವನು ಮೊದಲೇ ತಿಳಿದಿರಬೇಕು. ಹೊರಡುವುದಕ್ಕೊಂದು, ನಿಲ್ಲುವುದಕ್ಕೊಂದು ಸನ್ನೆಯನ್ನು ಇಬ್ಬರು ಚಾಲಕರೂ ಗೊತ್ತುಮಾಡಿಕೊಳ್ಳಲಿ. ಫೊಂತಾನನ ತುತ್ತೂರಿಯೂ ಗಂಟೆಯೂ ಇಲ್ಲದಿದ್ದರೆ ಮೋಟಾರಿನ ಹಾರನ್ನೇ ಸಾಕು. ಮುಂದಿನವನು ಹಗ್ಗ ನೆಲದಿಂದ ಎದ್ದು ಬಿಗಿಯಾಗುವವರೆಗೆ ಅಂಗುಲ ಅಂಗುಲವಾಗಿ ಸರಿದು, ಆಮೇಲೆ ನಡೆಯುವ ಮನುಷ್ಯನ ವೇಗದಲ್ಲಿ ಎಳೆಯಲಿ. ಊರು ಸೇರಿ ಹಗ್ಗ ಸಡಿಲಿದ ಮೇಲೆ ಗಂಟಿನ ಹಿಂಬದಿಯನ್ನು ನೋಡಿರಿ: ಉದ್ದನೆಯ ಹಗ್ಗವನ್ನು ಬಳಸಿಕೊಂಡಿರುವ ಒಂದು ಬಾಗು ಅಲ್ಲಿ ಕಾಣುತ್ತದೆ. ಹೆಬ್ಬೆರಳಿನಿಂದ ಅದನ್ನು ಹಗ್ಗದ ಗುಂಟ ಹಿಂದಕ್ಕೆ ನೂಕಿದರೆ, ಎಷ್ಟು ಭಾರ ಹೊತ್ತು ಬಂದಿದ್ದರೂ ಗಂಟು ಬಾಯಿ ಬಿಡುತ್ತದೆ.